ಪುಸ್ತಕದ ಕರಡು ‘ಓದಿಸಿ ಕೊಡ್ತೀವಿ’ ಅನ್ನುವವರಿಗೆ ದುಡ್ಡು ಕೊಡುವ ಮುಂಚೆ

ಸ್ವಂತ ಖರ್ಚಿನಲ್ಲಿ ಪುಸ್ತಕ ಅಚ್ಚು ಹಾಕಿಸಬೇಕು ಅಂತಿರುವ ಚಿತ್ರದುರ್ಗ, ದಾವಣಗೆರೆ ಕಡೆಯ ಗೆಳೆಯರು ದಯವಿಟ್ಟು ಇದನ್ನು ಓದಿ. ಅದರಲ್ಲೂ ಇತಿಹಾಸ, ಕೃಷಿ, ಊರಿನ ವಿಷಯ ಬರೆಯುವವರು. ‘ನಿಮ್ಮ ಕರಡನ್ನು ಓದುಗರಿಗೆ ಕೊಟ್ಟು, ಅಭಿಪ್ರಾಯ ತರಿಸಿ ಕೊಡ್ತೀವಿ’ ಅಂತ ದುಡ್ಡು ಕೇಳುವವರಿದ್ದಾರೆ. ನಾನು ಕೊಟ್ಟೆ. ದುಡ್ಡೂ ಹೋಯಿತು, ಕರಡೂ ಕೈ ತಪ್ಪಿತು.

ನನ್ನ ಪುಸ್ತಕ ಚಿತ್ರದುರ್ಗದ ಕೋಟೆಯ ನೀರಿನ ಬಗ್ಗೆ. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಕೆಳಗಿನ ಹೊಂಡಗಳಿಗೆ. ಇಷ್ಟು ಕಮ್ಮಿ ಮಳೆಯ ಊರಿನಲ್ಲಿ, ಬಂಡೆಗಳ ನಡುವೆ, ಬಿದ್ದ ಮಳೆಯನ್ನೇ ಹಿಡಿದಿಟ್ಟುಕೊಂಡು ಬದುಕಿದ ಜನ ಅವರು. ಅದನ್ನು ಸರಿಯಾಗಿ ಬರೆಯಬೇಕು ಅನ್ನುವುದು ನನ್ನ ಬಹಳ ವರ್ಷದ ಆಸೆ. ಅಚ್ಚಿಗೆ ಹೋಗುವ ಮುಂಚೆ ನಾಲ್ಕು ಜನ ಓದಿ ತಪ್ಪು ಹೇಳಲಿ ಅಂತ ಹುಡುಕುತ್ತಿದ್ದಾಗ ಒಂದು ಸಂಸ್ಥೆಯವರು ಸಿಕ್ಕರು. ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವುದು), ಮುಖಪುಟ, ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಎಲ್ಲ ಸೇರಿ ಒಂದು ಪ್ಯಾಕೇಜ್. ಇಪ್ಪತ್ತು ಜನ ಓದುಗರ ಲಿಖಿತ ಅಭಿಪ್ರಾಯಕ್ಕೆ ಬೇರೆ 12,000 ರೂಪಾಯಿ.

ಅಭಿಪ್ರಾಯಗಳು ಬೇಗನೇ ಬಂದವು. ‘ತುಂಬಾ ಮಾಹಿತಿ ಇದೆ’, ‘ಪ್ರತಿಯೊಬ್ಬ ಕನ್ನಡಿಗನೂ ಓದಬೇಕು’, ‘ಇಸವಿಗಳೆಲ್ಲ ನಿಖರವಾಗಿವೆ’. ಒಬ್ಬರು ‘ಪಾತ್ರಗಳು ಮನಸ್ಸಿನಲ್ಲಿ ಉಳಿಯುತ್ತವೆ’ ಅಂತ ಬರೆದಿದ್ದರು. ನನ್ನ ಪುಸ್ತಕದಲ್ಲಿ ಪಾತ್ರಗಳೇ ಇಲ್ಲ. ಒಂದೇ ಸಾಲು ಬೇರೆ ಬೇರೆ ಹೆಸರಿನ ಕೆಳಗೆ ಹಾಗೇ ಇತ್ತು.

ಅನುಮಾನ ಬಂದು ಅದೇ ಪ್ರತಿಯನ್ನು ನಮ್ಮ ಬೀದಿಯ ನಿವೃತ್ತ ಮೇಷ್ಟ್ರಿಗೆ ಕೊಟ್ಟೆ. ಮಾರನೇ ದಿನವೇ ಕರೆದರು. ‘ಏನಪ್ಪಾ ಇದು, ಹೈದರಾಲಿ 1799ರಲ್ಲಿ ದುರ್ಗ ಗೆದ್ದ ಅಂತ ಇದೆ? ಅವನು 1782ರಲ್ಲೇ ತೀರಿಕೊಂಡನಲ್ಲ!’ ನಾನು ಕೊಟ್ಟ ಹಸ್ತಪ್ರತಿಯಲ್ಲಿ 1779 ಅಂತಲೇ ಇತ್ತು. ಡಿಟಿಪಿಯಲ್ಲಿ ಬದಲಾಗಿದೆ. 1799 ಅಂದರೆ ಟಿಪ್ಪು ಸತ್ತ ವರ್ಷ. ದುರ್ಗದ ಹೈಸ್ಕೂಲು ಹುಡುಗರ ಕಣ್ಣಿಗೂ ಬೀಳಬೇಕಾದ ತಪ್ಪು ಅದು. ‘ನುಡಿ’ ತಂತ್ರಾಂಶದ ಅಕ್ಷರಗಳನ್ನು ಯೂನಿಕೋಡಿಗೆ ಬದಲಾಯಿಸುವಾಗ ಒಂದು ಅಧ್ಯಾಯದ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ ಆಗಿದ್ದವು. ಅದನ್ನೂ ಆ ಇಪ್ಪತ್ತು ಜನರಲ್ಲಿ ಯಾರೂ ಹೇಳಿರಲಿಲ್ಲ.

ಸಂಸ್ಥೆಗೆ ಫೋನ್ ಮಾಡಿದೆ. ‘ಸರ್, ಓದುಗರ ಅಭಿಪ್ರಾಯದಲ್ಲಿ ನಾವು ಕೈ ಹಾಕಲ್ಲ’ ಅಂದರು. ಒಬ್ಬರ ಜೊತೆಯಾದರೂ ಮಾತಾಡಿಸಿ ಅಂದೆ. ಆಗಲ್ಲ ಅಂದರು. ಸ್ವಲ್ಪ ದಿನಕ್ಕೆ ಆ ಕರಡಿನ ಪಿಡಿಎಫ್, 1799ರ ಸಮೇತ, ನಮ್ಮೂರಿನ ವಾಟ್ಸಾಪ್ ಗುಂಪಿನಲ್ಲೇ ಬಂತು. ದುಡ್ಡು ಹೋದದ್ದಕ್ಕಿಂತ ಇದು ಜಾಸ್ತಿ ನೋವು ಕೊಟ್ಟಿತು. ಪರೀಕ್ಷೆಗೆ ಓದುವ ಮಕ್ಕಳು ಆ ಇಸವಿಯನ್ನು ನಂಬಿದರೆ? ಮೇಲೆ ನನ್ನ ಹೆಸರಿದೆ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಬರೆದಾಗಿನಿಂದಲೇ ಹಕ್ಕು ಬರೆದವರದ್ದು, ನೋಂದಣಿ ಕಡ್ಡಾಯ ಅಲ್ಲ. ಹಕ್ಕು ಇದ್ದರೂ ಊರೆಲ್ಲ ಹರಡಿದ ಫೈಲನ್ನು ವಾಪಸ್ ಕರೆಸಲು ಆಗುವುದಿಲ್ಲ, ಅಲ್ವಾ?

ಹಾಗಾಗಿ ಯಾರಾದರೂ ಇಂಥ ಮಾತಾಡಿದರೆ ಮೊದಲು ಕೇಳಿ: ಓದುವವರು ಯಾರು, ಈ ವಿಷಯ ಅವರಿಗೆ ಎಷ್ಟು ಗೊತ್ತು, ಅವರ ಜೊತೆ ಮಾತಾಡಬಹುದಾ. ಉತ್ತರ ಬರದಿದ್ದರೆ ಎದ್ದು ಬನ್ನಿ. ಐಎಸ್‌ಬಿಎನ್‌ಗೆ ಅಂತ ಶುಲ್ಕ ಹಾಕಿದ್ದರೆ ಅದನ್ನೂ ಪ್ರಶ್ನೆ ಮಾಡಿ. ನಮ್ಮ ದೇಶದಲ್ಲಿ ರಾಜಾ ರಾಮಮೋಹನ ರಾಯ್ ಏಜೆನ್ಸಿ ಅದನ್ನು ಪುಕ್ಕಟೆ ಕೊಡುತ್ತದೆ, ಲೇಖಕರೇ ಅರ್ಜಿ ಹಾಕಬಹುದು.

ಈಗ ನಾನು ಒಂದೊಂದೇ ಅಧ್ಯಾಯ ಪ್ರಿಂಟ್ ತೆಗೆಸಿ, ಪ್ರತಿ ಪುಟದಲ್ಲೂ ಓದುವವರ ಹೆಸರು ಹಾಕಿ ಕೊಡುತ್ತಿದ್ದೇನೆ. ಪೂರ್ತಿ ಫೈಲ್ ಯಾರಿಗೂ ಇಲ್ಲ. ‘ಹೇಗಿದೆ’ ಅಂತ ಕೇಳುವುದಿಲ್ಲ. ಹಾಗೆ ಕೇಳಿದರೆ ನಮ್ಮ ಜನ ಬೇಜಾರಾಗಬಾರದು ಅಂತ ಸುಮ್ನೆ ‘ಚೆನ್ನಾಗಿದೆ’ ಅಂತಾರೆ. ಎಲ್ಲಿ ಓದು ನಿಂತಿತು, ಎಲ್ಲಿ ಎರಡು ಸಲ ಓದಬೇಕಾಯಿತು, ಯಾವ ಮಾತು ನಂಬಲು ಆಗಲಿಲ್ಲ, ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯಿರಿ ಅಂತೀನಿ. ದಾವಣಗೆರೆಯ ನನ್ನ ಚಿಕ್ಕಪ್ಪನ ಮಗಳು ಕೋಟೆಯನ್ನೇ ನೋಡಿಲ್ಲ. ‘ಮೂರನೇ ಅಧ್ಯಾಯ ಅರ್ಧಕ್ಕೇ ಬಿಟ್ಟೆ ಅಣ್ಣ, ಬರೀ ಅಳತೆ’ ಅಂದಳು. ಕೋಟೆಯ ಗೈಡ್ ಒಬ್ಬರು ಹೇಳಿದ್ದು ಇನ್ನೂ ದೊಡ್ಡದು. ‘ನೀರು ಮೇಲಿಂದ ಇಳಿಯುತ್ತೆ ಸಾರ್, ಜನ ಕೆಳಗಿಂದ ಹತ್ತುತ್ತಾರೆ. ನಿಮ್ಮ ಪುಸ್ತಕ ಹಿಡಿದುಕೊಂಡು ನಡೆದರೆ ದಾರಿ ತಪ್ಪುತ್ತೆ. ಒಂದು ನಕ್ಷೆ ಹಾಕಿ.’ ನಕ್ಷೆ ಬರೆಸುತ್ತಿದ್ದೇನೆ.

ಈಗಾಗಲೇ ದುಡ್ಡು ಕೊಟ್ಟು ಸಿಕ್ಕಿಕೊಂಡಿದ್ದರೆ ರಸೀದಿ, ಯುಪಿಐ ದಾಖಲೆ, ವಾಟ್ಸಾಪ್ ಮಾತುಕತೆ ಯಾವುದನ್ನೂ ಅಳಿಸಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ನಂಬರ್ 1915. ನಾನು ಅಲ್ಲಿ ದೂರು ಕೊಟ್ಟಿದ್ದೇನೆ, ದುಡ್ಡು ಇನ್ನೂ ಬಂದಿಲ್ಲ.