ಸಂಸತ್ತಿನ ಪ್ರಶ್ನೋತ್ತರ ಜಾಲತಾಣ: ಮಾಹಿತಿ ಭರಪೂರ, ಹುಡುಕುವ ಕ್ರಮ ಗೊತ್ತಿರಬೇಕು

ಕರ್ನಾಟಕಕ್ಕೆ ಬರಬೇಕಾದ ನರೇಗಾ ಬಾಕಿ ಎಷ್ಟು, ರೈಲು ಮಾರ್ಗವೊಂದರ ಭೂಸ್ವಾಧೀನ ಎಲ್ಲಿ ನಿಂತಿದೆ ಎಂಬಂಥ ವಿವರಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ 30 ದಿನ ಕಾಯುವ ಮುನ್ನ ಸಂಸದ್ ಡಾಟ್ ಇನ್ ಜಾಲತಾಣದ ಪ್ರಶ್ನೋತ್ತರ ವಿಭಾಗ ತೆರೆದು ನೋಡಿ. ದುಡ್ಡು ಕೊಡಬೇಕಿಲ್ಲ. ಅದೇ ಪ್ರಶ್ನೆಯನ್ನು ಯಾರಾದರೂ ಸಂಸದರು ಆಗಲೇ ಕೇಳಿರುವ ಸಾಧ್ಯತೆ ಸಾಕಷ್ಟಿದೆ. ಲೋಕಸಭೆಯಲ್ಲಿ ಪ್ರಶ್ನೋತ್ತರವಿರುವ ದಿನ 20 ಚುಕ್ಕೆ ಗುರುತಿನ (ಸಚಿವರು ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸಬೇಕಾದ) ಮತ್ತು 230 ಚುಕ್ಕೆ ಗುರುತಿಲ್ಲದ (ಲಿಖಿತ ಉತ್ತರವಷ್ಟೇ ಸಿಗುವ) ಪ್ರಶ್ನೆಗಳು ಪಟ್ಟಿಯಾಗಬಹುದು. ರಾಜ್ಯಸಭೆಯಲ್ಲಿ 15 ಮತ್ತು 160.

ಈ ಉತ್ತರಗಳಿಗೆ ಪತ್ರಿಕಾ ಹೇಳಿಕೆಗಿಲ್ಲದ ತೂಕವಿದೆ. ತಪ್ಪು ಹೇಳಿದ್ದರೆ ಸಚಿವರು ಸದನದಲ್ಲೇ ತಿದ್ದಬೇಕು. ಬೇಕೆಂದೇ ದಾರಿ ತಪ್ಪಿಸಿದರೆ ಹಕ್ಕುಚ್ಯುತಿ (ಸದನದ ವಿಶೇಷ ಹಕ್ಕಿಗೆ ಧಕ್ಕೆ) ಪ್ರಸ್ತಾವ ಎದುರಾಗಬಹುದು. ಎಲ್‌ಐಸಿ ಹಣದ ಹೂಡಿಕೆ ಬಗ್ಗೆ 1957ರಲ್ಲಿ ಲೋಕಸಭೆಯಲ್ಲಿ ಎದ್ದ ಪ್ರಶ್ನೆಗಳು ತನಿಖೆಗೆ ದಾರಿಯಾಗಿ, 1958ರಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಹುಡುಕುವಾಗ ಬರೀ ಪ್ರಶ್ನೆ ಸಂಖ್ಯೆ ಹಿಡಿದು ಹೋದರೆ ದಾರಿ ತಪ್ಪುತ್ತೀರಿ. ಪ್ರತಿ ಅಧಿವೇಶನದಲ್ಲೂ ಸಂಖ್ಯೆ 1ರಿಂದ ಶುರು, ಚುಕ್ಕೆ ಇರುವವಕ್ಕೂ ಇಲ್ಲದವಕ್ಕೂ ಬೇರೆ ಬೇರೆ ಸರಣಿ. ಮೊದಲು ಸದನ, ಆಮೇಲೆ ಅಧಿವೇಶನ, ನಂತರ ಸಚಿವಾಲಯ ಆರಿಸಿ. ಪ್ರಶ್ನೆಗಳ ಶೀರ್ಷಿಕೆ ಚಿಕ್ಕದಾಗಿ, ಸಾಮಾನ್ಯವಾಗಿ ಇರುವುದರಿಂದ ಊರಿನ ಹೆಸರಿಗಿಂತ ಯೋಜನೆಯ ಹೆಸರು ಹಾಕಿದರೆ ಸಿಗುವ ಸಂಭವ ಹೆಚ್ಚು. ಹಳೆಯ ಉತ್ತರ ಬೇಕಿದ್ದರೆ ಸಚಿವಾಲಯದ ಹಳೆಯ ಹೆಸರನ್ನೂ ನೋಡಿ: 2020ಕ್ಕೆ ಮುಂಚಿನ ಶಾಲಾ ಶಿಕ್ಷಣದ ಉತ್ತರಗಳು ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯದವು, 2019ಕ್ಕೆ ಹಿಂದಿನ ನದಿ ನೀರಿನವು ಜಲ ಸಂಪನ್ಮೂಲದವು.

ಪಿಡಿಎಫ್ ತೆರೆದ ಮೇಲೆ ಮೊದಲ ಪುಟಕ್ಕೇ ನಿಲ್ಲಬೇಡಿ. ಅಲ್ಲಿ ಹೆಚ್ಚಾಗಿ ಯೋಜನೆಯ ಹೊಗಳಿಕೆ ಇರುತ್ತದೆ. ರಾಜ್ಯವಾರು ಪಟ್ಟಿ ಕೊನೆಯ ಅನುಬಂಧದಲ್ಲಿ. ಅಂಕಿಗಳು ಯಾವ ದಿನಾಂಕದವರೆಗಿನವು, ಲಕ್ಷದಲ್ಲೋ ಕೋಟಿಯಲ್ಲೋ ಎಂಬುದನ್ನು ಪಟ್ಟಿಯ ತಲೆಬರಹದಲ್ಲಿ ಓದಿಕೊಳ್ಳಿ. ‘ಎ’ಯಿಂದ ‘ಡಿ’ವರೆಗಿನ ಉಪಭಾಗಗಳಿಗೆ ಒಟ್ಟಿಗೇ ಉತ್ತರಿಸಿದ್ದರೆ ಇನ್ನೂ ಎಚ್ಚರ ಬೇಕು: ಪ್ರಶ್ನೆಯನ್ನು ಪಕ್ಕದಲ್ಲಿಟ್ಟು ಒಂದೊಂದಾಗಿ ಹೋಲಿಸಿ. ಜಾರಿಕೊಂಡ ಭಾಗ ಕಣ್ಣಿಗೆ ಬೀಳುವುದು ಆಗಲೇ.

ದೊಡ್ಡ ಕೊರತೆ ಎರಡು. ಉತ್ತರಗಳು ಇಂಗ್ಲಿಷ್, ಹಿಂದಿಯಲ್ಲಷ್ಟೇ. 28 ಲೋಕಸಭಾ ಸದಸ್ಯರನ್ನು ಕಳಿಸುವ ರಾಜ್ಯದ ಓದುಗರಿಗೆ ಕನ್ನಡದಲ್ಲಿ ಇಲ್ಲ. ಇದು ಆಗಲೇಬೇಕಾದ ಕೆಲಸ. ಎರಡನೆಯದು, ಚುಕ್ಕೆ ಗುರುತಿನ ಪ್ರಶ್ನೆಗೆ ಸದಸ್ಯರು ಕೇಳಿದ ಪೂರಕ ಪ್ರಶ್ನೆಗಳು ಈ ಪಿಡಿಎಫ್‌ನಲ್ಲಿ ಇರುವುದಿಲ್ಲ. ಸಚಿವರು ಬಾಯಿಬಿಟ್ಟು ಹೇಳಿದ್ದು ಬೇಕೆಂದರೆ ಅದೇ ದಿನಾಂಕದ ಚರ್ಚೆಯ ಕಡತ ತೆಗೆಯಬೇಕು. ಲೋಕಸಭೆಯ ಪ್ರಶ್ನೋತ್ತರ ಅವಧಿ ಬೆಳಿಗ್ಗೆ 11ರಿಂದ, ರಾಜ್ಯಸಭೆಯದು ಮಧ್ಯಾಹ್ನ 12ರಿಂದ, ತಲಾ ಒಂದು ಗಂಟೆ. ಗದ್ದಲದಲ್ಲಿ ಆ ಗಂಟೆ ಮುಳುಗಿದರೆ ಲಿಖಿತ ಉತ್ತರವೊಂದೇ ಉಳಿಯುತ್ತದೆ.

ಉತ್ತರದಲ್ಲಿ ‘ಮಾಹಿತಿ ಸಂಗ್ರಹಿಸಿ ಸದನದಲ್ಲಿ ಮಂಡಿಸಲಾಗುವುದು’ ಎಂದಿದ್ದರೆ ಅದನ್ನು ಭರವಸೆ ಎಂದೇ ಎಣಿಸಲಾಗುತ್ತದೆ, ಈಡೇರಿಸಲು ಗಡುವು ಮೂರು ತಿಂಗಳು. ದಿನಾಂಕ ಗುರುತು ಹಾಕಿಟ್ಟು, ಗಡುವು ಮೀರಿದರೆ, ಇಂಥ ಭರವಸೆ ಈಡೇರಿತೇ ಎಂದು ನೋಡುವ ಸರ್ಕಾರಿ ಭರವಸೆಗಳ ಸಮಿತಿಯ ವರದಿಗಳನ್ನು ಇದೇ ಜಾಲತಾಣದ ಸಮಿತಿಗಳ ವಿಭಾಗದಲ್ಲಿ ಹುಡುಕಿ.