ಮೂರು ವರ್ಷ ಬಳಸಿದ ಮೇಲೆ: ಕೈಯಲ್ಲಿ ಒತ್ತುವ ನಾಝಲ್ ಟೆಸ್ಟರ್, ಒಂದು ಹಳೇ 407

ನಾನು ಮೆಕ್ಯಾನಿಕ್ ಅಲ್ಲ. ಕೋಲಾರ ಎಪಿಎಂಸಿಯಿಂದ ಚೆನ್ನೈಗೆ ಟೊಮ್ಯಾಟೊ ಹೊಡೆಯುವ ಒಂದು ಟಾಟಾ 407 ಮಿನಿ ಲಾರಿಯ ಮಾಲೀಕ. ಡ್ರೈವರೂ ನಾನೇ, ಆಳು ಸಿಗದ ದಿನ ಬಾಕ್ಸ್ ಎತ್ತುವವನೂ ನಾನೇ. ಗಾಡಿ 1998ರದ್ದು. 15 ಕೆಜಿಯ ಬಾಕ್ಸ್ 150 ಹಾಕಿದರೆ ಅದಕ್ಕೆ ಭರ್ತಿ, ನಾವು ಅಷ್ಟಕ್ಕೇ ನಿಲ್ಲಿಸುತ್ತೇವೆ ಅಂತ ಬರೆದರೆ ಮಾರ್ಕೆಟ್ಟಿನವರು ಯಾರಾದರೂ ಓದಿ ನಗುತ್ತಾರೆ, ಬಿಡಿ.

ನಾಝಲ್ ಅಂದರೆ ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನ ತುದಿ, ಅದು ಸರಿಯಾಗಿ ಚಿಮ್ಮುತ್ತಿದೆಯಾ ಅಂತ ನೋಡುವ ಸಾಮಾನೇ ಈ ಟೆಸ್ಟರ್. ಅದನ್ನು ತಗೊಂಡಿದ್ದು ಯಾಕೆ ಅಂತ ಮೊದಲು ಹೇಳಬೇಕು, ಇಲ್ಲದಿದ್ದರೆ ಉಳಿದಿದ್ದು ಅರ್ಥ ಆಗಲ್ಲ. ನಾಲ್ಕು ವರ್ಷದ ಹಿಂದೆ ಗಾಡಿ ಪಿಕಪ್ ಕಳೆದುಕೊಂಡಿತು. ಖಾಲಿ ಬಾಕ್ಸ್ ಹೇರಿಕೊಂಡು ವಾಪಸ್ ಬರುವಾಗಲೂ ಚಿತ್ತೂರು ದಾಟಿದ ಮೇಲೆ ಸಿಗುವ ಮೊಗಿಲಿ ಘಾಟಲ್ಲಿ ಎರಡನೇ ಗೇರಿಗೆ ಇಳಿಸಬೇಕಿತ್ತು. ಲೋಡ್ ಇಲ್ಲದೇ ಹೀಗೆ! ಒಂದು ವರ್ಕ್‌ಶಾಪಿಗೆ ಬಿಟ್ಟೆ. ಅವರು ಬಾನೆಟ್ ಎತ್ತಿ, ಇಂಜೆಕ್ಟರುಗಳಿಗೆ ಡೀಸೆಲ್ ಅಳೆದು ಕೊಡುವ ಪಂಪಿನ ಸೀಲ್ ಕಿತ್ತು, ಒಂದು ಸ್ಕ್ರೂ ತಿರುಗಿಸಿ, "ಈಗ ನೋಡಣ್ಣ" ಅಂದರು. ನಿಜ ಹೇಳುತ್ತೇನೆ, ಆವತ್ತು ಗಾಡಿ ಹಾರಿತು. ಖುಷಿಯಾಗಿ ಟೀ ಕುಡಿಸಿ ಬಂದೆ.

ಒಂದೇ ತಿಂಗಳು. ಹಿಂದೆ ಬರುವ ಬೈಕಿನವರಿಗೆ ಕಾಣದಷ್ಟು ಕರಿ ಹೊಗೆ. ಮೈಲೇಜ್ 8ರಿಂದ ಆರೂವರೆಗೆ ಬಂತು. ಎಮಿಷನ್ ಟೆಸ್ಟಲ್ಲಿ ಫೇಲ್. ಬಿಎಸ್4 ಮಾಲಿನ್ಯ ನಿಯಮಕ್ಕಿಂತ ಹಳೆಯ ಡೀಸೆಲ್ ಗಾಡಿಗೆ ಹೊಗೆಯ ಕಪ್ಪನ್ನು ಅಳೆಯುವ ಲೆಕ್ಕದಲ್ಲಿ ಮಿತಿ 65 ಎಚ್‌ಎಸ್‌ಯು, ಅದೇನೂ ಬಿಗಿ ಮಿತಿ ಅಲ್ಲ, ಅದನ್ನೂ ದಾಟಿಬಿಟ್ಟಿತ್ತು ನಮ್ಮ ಗಾಡಿ. ಕೊನೆಗೆ ಪಂಪ್ ಬಿಚ್ಚಿಸಿಕೊಂಡು ಅಳತೆ ಸರಿ ಮಾಡುವ ಕ್ಯಾಲಿಬ್ರೇಶನ್ ಅಂಗಡಿಗೆ ಹೊತ್ತುಕೊಂಡು ಹೋದೆ. ಅಲ್ಲಿನ ಯಜಮಾನರು ಅದನ್ನು ನೋಡಿದ ತಕ್ಷಣ ಕೇಳಿದ್ದು ಒಂದೇ ಮಾತು.

"ಸೀಲ್ ಯಾರಪ್ಪಾ ಕಿತ್ತಿದ್ದು?"

"ನಾನೇ ಕೀಳಿಸಿದ್ದು ಯಜಮಾನ್ರೇ."

"ನಾಝಲ್ ನೋಡಿದ್ರಾ ಅದಕ್ಕೆ ಮುಂಚೆ?"

ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ. ಪಂಪನ್ನು ಪರೀಕ್ಷೆ ಮಾಡುವ ಬೆಂಚ್ ಮೇಲೆ ಕಟ್ಟಿ, ಸಿಲಿಂಡರಿಗೊಂದರಂತೆ ಇರುವ ನಾಲ್ಕೂ ಎಲಿಮೆಂಟ್ ಒಂದೇ ಅಳತೆ ಡೀಸೆಲ್ ಕೊಡುವ ಹಾಗೆ ಮಾಡಿಕೊಟ್ಟರು, ಹೊಸ ಸೀಲ್ ಒತ್ತಿದರು. ಹೊರಡುವಾಗ ಹೇಳಿದರು: ಮನೆಯಲ್ಲಿ ಏನಾದರೂ ಇಟ್ಟುಕೊಳ್ಳಬೇಕು ಅಂದರೆ ಒಂದು ನಾಝಲ್ ಟೆಸ್ಟರ್ ಇಟ್ಟುಕೋ, ಪಂಪಿಗೆ ಸ್ಕ್ರೂಡ್ರೈವರ್ ಹಾಕಬೇಡ.

ಹಾಗಾಗಿ ತಗೊಂಡೆ. ಬೆಂಗಳೂರಿನ ಜೆ.ಸಿ. ರೋಡಲ್ಲಿ, 5,800 ರೂಪಾಯಿಗೆ. ದೊಡ್ಡ ಕಂಪನಿಯದಲ್ಲ, ಹೆಸರೇ ಇಲ್ಲದ ಮಾಲು. ಒಂದು ಸಣ್ಣ ಎಣ್ಣೆ ಡಬ್ಬಿ, ಕೆಳಗೆ ಒಂದು ಕೈಪಂಪು, ಉದ್ದ ಹಿಡಿ, 400 ಬಾರ್ ಪ್ರೆಶರ್ ತನಕ ತೋರಿಸುವ ಮೀಟರ್, ಇಂಜೆಕ್ಟರಿಗೆ ಕಟ್ಟಲು ಒಂದು ಪೈಪು. ಅಷ್ಟೇ. ಬೋರ್‌ವೆಲ್ ಕೈಪಂಪ್ ಒತ್ತಿ ಬೆಳೆದವರಿಗೆ ಕಲಿಸಬೇಕಾಗಿಲ್ಲ.

ಕೆಲಸವೂ ಸರಳ. ಇಂಜೆಕ್ಟರ್ ಬಿಚ್ಚಿ ಪೈಪಿಗೆ ಕಟ್ಟಿ ಹಿಡಿ ನಿಧಾನವಾಗಿ ಒತ್ತಿದರೆ ಮುಳ್ಳು ಏರುತ್ತಾ ಹೋಗಿ, ಒಂದು ಕಡೆ ನಾಝಲ್ ಬಾಯಿ ಬಿಟ್ಟು ಡೀಸೆಲ್ ಚಿಮ್ಮುತ್ತದೆ. ಆ ಕ್ಷಣದ ಅಂಕಿಯೇ ಓಪನಿಂಗ್ ಪ್ರೆಶರ್. ನನ್ನ ಗಾಡಿಯವನ್ನು ನಾವು 200ಕ್ಕೆ ಸೆಟ್ ಮಾಡುತ್ತೇವೆ. ನಿಮ್ಮದಕ್ಕೆ ಎಷ್ಟು ಅಂತ ನಿಮ್ಮ ಇಂಜಿನ್ ಮ್ಯಾನ್ಯುಯಲ್ ನೋಡಿ, ನನ್ನ ಅಂಕಿ ಕಾಪಿ ಮಾಡಬೇಡಿ.

ಮೊದಲ ದಿನ ನಾಲ್ಕನ್ನೂ ಕಟ್ಟಿ ನೋಡಿದೆ. ಒಂದು 205. ಎರಡು 180ರ ಹತ್ತಿರ. ಮೂರನೇ ಸಿಲಿಂಡರಿನದು 150ಕ್ಕೇ ಬಾಯಿ ಬಿಟ್ಟಿತು, ಅದೂ ಮಂಜಿನ ಹಾಗೆ ಚಿಮ್ಮಲಿಲ್ಲ, ಕೆಟ್ಟ ನಲ್ಲಿ ಥರ ಒಂದು ಕಡೆಗೆ ಗೆರೆ ಎಳೆದು ಆಮೇಲೆ ತೊಟ್ಟಿಕ್ಕಿತು. ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಒಂದು ನಾಝಲ್ ಹೀಗೆ ಸೋರುತ್ತಿದ್ದ ಗಾಡಿಗೆ ನಾವು ಪಂಪ್ ತಿರುಗಿಸಿ ಇನ್ನೂ ಜಾಸ್ತಿ ಡೀಸೆಲ್ ಕುಡಿಸಿದ್ದೆವು. ಪಿಕಪ್ ಬಂದಂಗೆ ಅನಿಸಿದ್ದು ಉಳಿದ ಮೂರು ಸಿಲಿಂಡರ್ ಹೊಟ್ಟೆ ಬಿರಿಯ ಉಂಡಿದ್ದಕ್ಕೆ.

ಪ್ರೆಶರ್ ಕಮ್ಮಿ ಆದರೆ ಏನಾಗುತ್ತೆ ಅಂದರೆ, ನಾಝಲ್ ಬೇಗ ತೆರೆದುಕೊಳ್ಳುತ್ತದೆ, ಹನಿ ದಪ್ಪ ಆಗುತ್ತದೆ, ದಪ್ಪ ಹನಿ ಪೂರ್ತಿ ಉರಿಯಲ್ಲ, ಹೊಗೆಯಾಗುತ್ತದೆ. ಉರಿಯದ ಡೀಸೆಲ್ ಸಿಲಿಂಡರ್ ಬೋರಿನ ಗೋಡೆ ತೊಳೆದು ಕೆಳಗೆ ಇಂಜಿನ್ ಆಯಿಲಿಗೆ ಸೇರುತ್ತದೆ. ನನ್ನ ಆಯಿಲ್ ಗೇಜಲ್ಲಿ ಡೀಸೆಲ್ ವಾಸನೆ ಯಾಕೆ ಬರುತ್ತಿತ್ತು ಅನ್ನೋದು ಆವತ್ತು ಗೊತ್ತಾಯಿತು.

ನಾಝಲ್ ಪರೀಕ್ಷೆ ಅಂದರೆ ಬರೀ ಆ ಒಂದು ಅಂಕಿ ಅಲ್ಲ. ಪ್ರೆಶರನ್ನು ಓಪನಿಂಗಿಗಿಂತ 20 ಬಾರ್ ಕೆಳಗೆ ಇಟ್ಟು ಹತ್ತು ಸೆಕೆಂಡ್ ಹಿಡಿಯಬೇಕು, ತುದಿಯಲ್ಲಿ ಹನಿ ಕಟ್ಟಿ ಬೀಳಬಾರದು. ಪ್ರತಿ ರಂಧ್ರದಿಂದಲೂ ಒಂದೇ ಥರ ಮಂಜು ಬರಬೇಕು. ಮತ್ತೆ ಸದ್ದು. ಒಳ್ಳೆ ನಾಝಲ್ ಒತ್ತಿದಾಗ ಕರ್ರ್ ಕರ್ರ್ ಅನ್ನುತ್ತದೆ. ಇದನ್ನು ಬರೆದು ವಿವರಿಸಕ್ಕೆ ಆಗಲ್ಲ, ಒಂದು ಹೊಸದು ಒಂದು ಹಳೆಯದು ಪಕ್ಕ ಪಕ್ಕ ಒತ್ತಿದರೆ ಕಿವಿಗೇ ಗೊತ್ತಾಗುತ್ತದೆ. ಒಂದು ವರ್ಷದ ಮೇಲೆ ನನಗೆ ಮೀಟರಿಗಿಂತ ಈ ಸದ್ದಿನ ಮೇಲೇ ನಂಬಿಕೆ.

ಪ್ರೆಶರ್ ಏರಿಸಲು ಇಂಜೆಕ್ಟರಿನೊಳಗಿನ ಸ್ಪ್ರಿಂಗ್ ಹಿಂದೆ ಶಿಮ್, ಅಂದರೆ ತೆಳು ಬಿಲ್ಲೆ, ಹಾಕಬೇಕು. ನನ್ನ ಇಂಜೆಕ್ಟರ್ ಹೋಲ್ಡರಲ್ಲಿ 0.05 ಮಿ.ಮೀ. ದಪ್ಪ ಹೆಚ್ಚಿಸಿದರೆ ಸುಮಾರು 5 ಬಾರ್ ಏರುತ್ತದೆ. ಇನ್ನೂ ಹಳೆಯ ಕೆಲವು ಹೋಲ್ಡರುಗಳಲ್ಲಿ ಶಿಮ್ ಬದಲು ಸ್ಕ್ರೂ ಇರುತ್ತದೆ. ಹೊಸ ಸ್ಪ್ರಿಂಗ್ ಹಾಕಿದಾಗ ಹತ್ತು ಬಾರ್ ಜಾಸ್ತಿ ಇಡಿ, ಓಡುತ್ತಾ ಅದು ಕೂತುಕೊಳ್ಳುತ್ತದೆ. ನಾಲ್ಕೂ ಹೆಚ್ಚು ಕಮ್ಮಿ ಒಂದೇ ಅಂಕಿಯಲ್ಲಿ ಇರುವುದು ಮುಖ್ಯ. ಒಂದು 210, ಇನ್ನೊಂದು 190 ಇದ್ದರೆ ಐಡ್ಲಿಂಗಲ್ಲಿ ಗಾಡಿ ಕುದುರೆ ಥರ ಕುಣಿಯುತ್ತದೆ.

ನಾನು ಮಾಡಿದ ಒಂದು ದಡ್ಡತನವನ್ನೂ ಹೇಳುತ್ತೇನೆ. ನಾಲ್ಕು ನಾಝಲ್ ಬಿಚ್ಚಿ ಒಳಗಿನ ಸೂಜಿಗಳನ್ನೆಲ್ಲ ಒಂದೇ ಬಟ್ಟಲಿನ ಡೀಸೆಲಲ್ಲಿ ಹಾಕಿಬಿಟ್ಟೆ. ಸೂಜಿ ಮತ್ತೆ ಬಾಡಿ ಗಂಡ ಹೆಂಡತಿ ಇದ್ದ ಹಾಗೆ, ಜೋಡಿಯಾಗಿಯೇ ತೀಡಿರುತ್ತಾರೆ, ಅದಲು ಬದಲಾದರೆ ಕೆಲಸಕ್ಕೆ ಬಾರದು. ಎರಡು ನಾಝಲ್ ಹೊಸದು ತರಬೇಕಾಯಿತು. ಈಗ ನಾಲ್ಕು ಟೀ ಲೋಟ, ಒಂದೊಂದರ ಮೇಲೂ ಸಿಲಿಂಡರ್ ನಂಬರ್. ತೊಳೆದ ಮೇಲೆ ಸೂಜಿಯನ್ನು ಮೂರನೇ ಒಂದು ಭಾಗ ಹೊರಗೆಳೆದು ಬಿಟ್ಟರೆ ತನ್ನ ಭಾರಕ್ಕೆ ತಾನೇ ಒಳಗೆ ಜಾರಬೇಕು. ಮಸಿ ತೆಗೆಯಲು ಹಿತ್ತಾಳೆ ಬ್ರಷ್ ಮಾತ್ರ. ಸ್ಯಾಂಡ್‌ಪೇಪರ್ ತಂದರೆ ಕೈ ಮುರೀರಿ.

ತಮಾಷೆ ಸಾಕು, ಇದು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಒತ್ತುವಾಗ ನಾಝಲ್ ಮುಂದೆ ಕೈ ಇಡಬೇಡಿ. ಆ ಎಳೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ನೋವೂ ಮೊದಲು ಅಷ್ಟಿರಲ್ಲ, ಆದರೆ ಒಳಗೆ ಡೀಸೆಲ್ ಹರಡಿ ಬೆರಳೇ ಹೋಗಬಹುದು. ಹಾಗೇನಾದರೂ ಆದರೆ ಅರಿಶಿನ ಹಚ್ಚಿಕೊಂಡು ಕೂರಬೇಡಿ, ಡೀಸೆಲ್ ಚುಚ್ಚಿದೆ ಅಂತ ಹೇಳಿ ಕೂಡಲೇ ಆಸ್ಪತ್ರೆಗೆ ಹೋಗಿ. ನಾನು ಬಾಯಿ ಕತ್ತರಿಸಿದ ಐದು ಲೀಟರ್ ಕ್ಯಾನಿನೊಳಗೆ ನಾಝಲ್ ಇಳಿಸಿ ಒತ್ತುತ್ತೇನೆ, ಕನ್ನಡಕ ಹಾಕಿಕೊಂಡು, ಶೆಡ್ಡಿನ ಬಾಗಿಲು ತೆಗೆದು. ಆ ಮಂಜು ಬೇಗ ಬೆಂಕಿ ಹಿಡಿಯುತ್ತದೆ, ಹತ್ತಿರ ಬೀಡಿ ಸೇದುವವರನ್ನು ಆಚೆ ಕಳಿಸಿ.

ಇನ್ನು ಮಾಲಿನ ಗುಣಮಟ್ಟ. ಹಿಡಿ, ಡಬ್ಬಿ, ಪಂಪು ಗಟ್ಟಿಯಾಗಿವೆ. ಮೀಟರ್ ಮಾತ್ರ ಕಳಪೆ. ಎಂಟು ತಿಂಗಳಿಗೆ ಮುಳ್ಳು ಸೊನ್ನೆಗೆ ವಾಪಸ್ ಬರುವುದನ್ನು ಬಿಟ್ಟಿತು, 15ರಲ್ಲೇ ನಿಂತಿರುತ್ತಿತ್ತು. ತಪ್ಪು ಅರ್ಧ ನನ್ನದೂ ಹೌದು. ಮಂಜು ನೋಡಲು ಜೋರಾಗಿ ಪಟಪಟ ಒತ್ತುವಾಗ ಮೀಟರಿನ ವಾಲ್ವ್ ಮುಚ್ಚಬೇಕು, ಇಲ್ಲದಿದ್ದರೆ ಮುಳ್ಳು ಕುಣಿದು ಕುಣಿದು ಸಾಯುತ್ತದೆ. ಆದರೆ ನನ್ನ ಟೆಸ್ಟರಲ್ಲಿ ಆ ವಾಲ್ವೇ ಇಲ್ಲ! ಕೊಳ್ಳುವಾಗ ಅದಿದೆಯಾ ನೋಡಿ, ಮುನ್ನೂರು ನಾನೂರು ಜಾಸ್ತಿ ಆದರೂ ಪರವಾಗಿಲ್ಲ. ಬೇರೆ ಮೀಟರ್ ಹಾಕಿಸಿ, ಪಂಪ್ ಅಂಗಡಿಯವರ ಟೆಸ್ಟರ್ ಜೊತೆ ತಾಳೆ ನೋಡಿದೆ, 5 ಬಾರ್ ವ್ಯತ್ಯಾಸ ಇತ್ತು. ಡಬ್ಬಿ ಮೇಲೆ ಮಾರ್ಕರಲ್ಲಿ ಬರೆದಿಟ್ಟಿದ್ದೇನೆ.

ಇನ್ನೊಂದು, ಪೈಪ್ ನಟ್ಟಿನ ಥ್ರೆಡ್. ಜೊತೆಗೆ ಒಂದೇ ಪೈಪ್ ಕೊಡುತ್ತಾರೆ, ಪೈಪ್ ಕೂರುವ ಇಂಜೆಕ್ಟರ್ ಯೂನಿಯನ್ ಎಲ್ಲದರಲ್ಲೂ ಒಂದೇ ಸೈಜ್ ಇರಲ್ಲ, 12 ಮತ್ತು 14 ಮಿ.ಮೀ. ಎರಡೂ ಬರುತ್ತವೆ. ಅಂಗಡಿಗೆ ಹೋಗುವಾಗ ಜೇಬಲ್ಲಿ ನಿಮ್ಮ ಹಳೇ ಇಂಜೆಕ್ಟರ್ ಒಂದು ಇರಲಿ. ಟೆಸ್ಟರಿನ ಸೀಲ್ ಒಂದು ಸಲ ಸೋರಿತು, ಬದಲಾಯಿಸಿದೆ, ಅದು ದೊಡ್ಡ ವಿಷಯವಲ್ಲ.

ಈಗಷ್ಟೇ ಶುರು ಮಾಡುವವರು ಟೆಸ್ಟರಿಂದಲೂ ಶುರು ಮಾಡಬೇಡಿ. ಏರ್ ಫಿಲ್ಟರ್ ನೋಡಿ. ನಿಜವಾಗಲೂ. ಮಾಲೂರಿನ ಇಟ್ಟಿಗೆ ಗೂಡುಗಳ ಕಡೆ ಓಡುವ ಗಾಡಿಗಳ ಫಿಲ್ಟರ್ ಬಿಚ್ಚಿದರೆ ಗಿಡ ನೆಡುವಷ್ಟು ಮಣ್ಣು ಸಿಗುತ್ತದೆ, ಕರಿ ಹೊಗೆಗೆ ಅದಕ್ಕಿಂತ ಕಾರಣ ಬೇಕಾ. ಆಮೇಲೆ ಡೀಸೆಲ್ ಫಿಲ್ಟರ್, ಡೀಸೆಲ್ ಲೈನಲ್ಲಿ ಸೇರಿದ ಗಾಳಿ, ವಾಲ್ವಿನ ಟ್ಯಾಪೆಟ್ ಗ್ಯಾಪ್. ಅದಾದ ಮೇಲೆ ಇಂಜಿನ್ ಐಡ್ಲಿಂಗಲ್ಲಿಟ್ಟು ಒಂದೊಂದೇ ಇಂಜೆಕ್ಟರಿನ ಪೈಪ್ ನಟ್ಟನ್ನು ಬಟ್ಟೆ ಸುತ್ತಿ ಸ್ವಲ್ಪ ಸಡಿಲ ಮಾಡಿ. ಇಂಜಿನ್ ಸದ್ದು ಬದಲಾದರೆ ಆ ಸಿಲಿಂಡರ್ ದುಡಿಯುತ್ತಿದೆ. ಬದಲಾಗದೇ ಇದ್ದರೆ ಕಳ್ಳ ಸಿಕ್ಕ, ಅದನ್ನೇ ಬಿಚ್ಚಿ ಟೆಸ್ಟರಿಗೆ ಕಟ್ಟಿ. ವಾಪಸ್ ಹಾಕುವಾಗ ಕಾಪರ್ ವಾಷರ್ ಹೊಸದೇ ಇರಲಿ.

ಟೈಮಿಂಗ್, ಅಂದರೆ ಪಂಪು ಯಾವ ಕ್ಷಣಕ್ಕೆ ಡೀಸೆಲ್ ಕೊಡಬೇಕು ಅನ್ನುವುದರ ಬಗ್ಗೆ ಜಾಸ್ತಿ ಬರೆಯಲ್ಲ. ಪಂಪಿನ ಡೆಲಿವರಿ ವಾಲ್ವ್ ತೆಗೆದು ಬಗ್ಗಿದ ಪೈಪ್ ಹಾಕಿ, ಡೀಸೆಲ್ ಹರಿಯುವುದು ನಿಲ್ಲುವ ಜಾಗ ಹಿಡಿಯುವ ವಿಧಾನ ಇದೆ. ನಾನು ಎರಡು ಸಲ ಮಾಡಿದ್ದೇನೆ, ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು. ಪಂಪಿನ ಒಳಗಿನ ಕೆಲಸ ಬೆಂಚ್ ಇರುವ ಅಂಗಡಿಗೇ. ನಮ್ಮ ಕಡೆ ಇವತ್ತಿಗೂ ಅದಕ್ಕೆ ಮೈಕೋ ಪಂಪ್ ಅಂತಲೇ ಹೆಸರು, ಕಂಪನಿ 2008ರಲ್ಲೇ ಬಾಷ್ ಆದರೂ. 407 ಬಂದಿದ್ದು 1986ರಲ್ಲಿ, ಹಾಗಾಗಿ ಕೆಲಸ ಬಲ್ಲ ಹಳಬರು ಇನ್ನೂ ಇದ್ದಾರೆ, ಅವರಿರುವಾಗಲೇ ಕಲಿಯಬೇಕು.

ಕಾಮನ್ ರೈಲ್, ಅಂದರೆ ಕಂಪ್ಯೂಟರ್ ಹಿಡಿತದ ಹೊಸ ಥರದ ಡೀಸೆಲ್ ಗಾಡಿ ಇರುವವರು ಇದಕ್ಕೆ ದುಡ್ಡು ಹಾಕಬೇಡಿ. ಅದರಲ್ಲಿ ಪ್ರೆಶರ್ ಸಾವಿರ ಬಾರ್ ದಾಟುತ್ತದೆ, ಇಂಜೆಕ್ಟರ್ ತೆರೆಯುವುದು ಕರೆಂಟಿಂದ, ಅದಕ್ಕೆ ಸ್ಕ್ಯಾನರ್ ಬೇಕು. ಈ ಕೈಪಂಪು ಮೆಕ್ಯಾನಿಕಲ್ ಪಂಪಿನ ಗಾಡಿಗೆ ಮಾತ್ರ.

ಲೆಕ್ಕ ಹೇಳಿಬಿಡುತ್ತೇನೆ. ಮೈಲೇಜ್ ಆರೂವರೆಯಿಂದ ಮತ್ತೆ 8ಕ್ಕೆ ಬಂತು. ಚೆನ್ನೈಗೆ ಹೋಗಿ ಬಂದರೆ 500 ಕಿ.ಮೀ. ಮೇಲಾಗುತ್ತದೆ, ಅಂದರೆ ಟ್ರಿಪ್ಪಿಗೆ 14 ಲೀಟರ್ ಉಳಿತಾಯ. ಇದರಲ್ಲಿ ಪಂಪ್ ಕ್ಯಾಲಿಬ್ರೇಶನ್ನಿನ ಪಾಲೂ ಇದೆ, ಎಲ್ಲಾ ಟೆಸ್ಟರಿನ ಮಹಿಮೆ ಅಂದರೆ ಸುಳ್ಳಾಗುತ್ತದೆ. ಆದರೂ ಒಂದು ಗಾಡಿ ಇರುವವರು ಒಬ್ಬರೇ ಕೊಳ್ಳಬೇಕಾಗಿಲ್ಲ, ವರ್ಷಕ್ಕೆ ಎರಡು ಸಲ ಬೇಕಾಗುವ ಸಾಮಾನು, ಮೂರು ನಾಲ್ಕು ಜನ ಸೇರಿ ತಗೊಳ್ಳಿ. ಈ ಟೆಸ್ಟರಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಡಿತ ಮೀಟರಿಗೆ.

ಸದ್ಯಕ್ಕೆ ಅದು ನನ್ನ ಶೆಡ್ಡಲ್ಲಿ ಇಲ್ಲ. ಶ್ರೀನಿವಾಸಪುರದಲ್ಲಿ ಮಾವಿನ ಸೀಸನ್ ಶುರುವಾಗಿದೆ, ಬಾಮೈದ ಬಂದು ಎತ್ತಿಕೊಂಡು ಹೋದ. ನಿನ್ನೆ ರಾತ್ರಿ ಫೋನ್ ಮಾಡಿ, "ಭಾವ, ಎರಡನೇದು ಕರ್ರ್ ಅಂತಾನೇ ಇಲ್ಲ" ಅಂದ. ಲೋಟದ ಮೇಲೆ ನಂಬರ್ ಬರೆದಿದ್ದೀಯಾ ಅಂತ ಮೊದಲು ಕೇಳಿದೆ.