ಡೇಟೋನಾ 500 ನೋಡಲು ಯಾವ ಜಾಗ ಒಳ್ಳೆಯದು: ಮೇಲಿನ ಸೀಟು, ಬೇಲಿ ಪಕ್ಕ, ಒಳಮೈದಾನ, ಇಲ್ಲಾ ಟಿವಿ?

ಅಮೆರಿಕದ ಕಾರು ರೇಸುಗಳ ಸರಣಿಯಾದ ನಾಸ್ಕಾರ್‌ನ ವರ್ಷ ಶುರುವಾಗುವುದೇ ತನ್ನ ಅತಿ ದೊಡ್ಡ ರೇಸಿನಿಂದ. ಫ್ಲೋರಿಡಾದ ಡೇಟೋನಾ ಬೀಚಿನಲ್ಲಿ ಫೆಬ್ರುವರಿ ನಡುವೆ ನಡೆಯುವ ಈ ರೇಸು 200 ಲ್ಯಾಪು, ಅಂದರೆ ಟ್ರ್ಯಾಕಿನ 200 ಸುತ್ತು, 500 ಮೈಲಿ. ಇದನ್ನು ನೋಡುವ ನಾಲ್ಕೂ ಬಗೆಯನ್ನು ತೂಗಿ ನೋಡಿದ ಮೇಲೆ ನನ್ನ ತೀರ್ಪು ಇಷ್ಟು: ಟ್ರ್ಯಾಕಿಗೇ ಹೋಗುವುದಾದರೆ ನಾಲ್ಕನೇ ತಿರುವಿನ ಕಡೆ, ಕೈಗೆಟುಕಿದಷ್ಟು ಎತ್ತರದ ಸೀಟು, ಕಿವಿಯಲ್ಲಿ ಸ್ಕ್ಯಾನರ್, ಅಂದರೆ ಚಾಲಕರೂ ಅವರ ತಂಡದವರೂ ಆಡುವ ಮಾತು ಕೇಳಿಸುವ ರೇಡಿಯೊ. ಮನೆಯಲ್ಲಾದರೆ ಟಿವಿಯ ಚಿತ್ರ, ರೇಡಿಯೊದ ಮಾತು.

ಕಾರಣ ರೇಸಿನ ಸ್ವಭಾವದಲ್ಲೇ ಇದೆ. ಅರ್ಹತಾ ಸುತ್ತಿನಲ್ಲಿ ಒಂಟಿಯಾಗಿ ಓಡುವ ಕಾರು ಗಂಟೆಗೆ 180 ಮೈಲಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದೇ ಕಾರು ಗುಂಪಿನಲ್ಲಿ 190 ಮುಟ್ಟುತ್ತದೆ. ಮುಂದಿನ ಕಾರು ಗಾಳಿ ಸೀಳಿಕೊಡುತ್ತದೆ, ಹಿಂದಿನದು ನೂಕುತ್ತದೆ. ಎಂಜಿನ್ ಶಕ್ತಿಯನ್ನೂ ಇಲ್ಲಿ ಸುಮಾರು 510 ಅಶ್ವಶಕ್ತಿಗೆ ಕಟ್ಟಿಹಾಕಿರುವುದರಿಂದ ಯಾರೂ ಒಬ್ಬರೇ ಬಿಡಿಸಿಕೊಂಡು ಓಡಲಾರರು. ಹಾಗಾಗಿ ಇಲ್ಲಿ ನೋಡಬೇಕಾದ್ದು ಒಂದು ಕಾರನ್ನಲ್ಲ, ಸಾಲುಗಳನ್ನು. ಯಾವ ಸಾಲು ಮುಂದೆ ಸಾಗುತ್ತಿದೆ, ಯಾರ ಹಿಂದೆ ನೂಕುವವರಿಲ್ಲ, ಯಾರು ಸಾಲು ಬಿಟ್ಟು ಹೊರಬಂದು ಹತ್ತು ಸ್ಥಾನ ಕಳೆದುಕೊಂಡರು ಎಂಬುದು ಕಾಣುವ ಜಾಗವೇ ಒಳ್ಳೆಯ ಜಾಗ.

ಮೇಲಿನ ಸೀಟಿಗೆ ಗೆಲುವು ಸಿಗುವುದು ಇಲ್ಲೇ. 2016ರ ನವೀಕರಣದ ನಂತರ ಸುಮಾರು ಒಂದು ಲಕ್ಷ ಸೀಟುಗಳೂ ಮುಂಭಾಗದ ಒಂದೇ ಉದ್ದನೆಯ ಸ್ಟ್ಯಾಂಡಿನಲ್ಲಿವೆ. ಮೇಲಿನ ಹಂತದಿಂದ ಎರಡೂವರೆ ಮೈಲಿಯ ಸುತ್ತು ಪೂರ್ತಿ ಕಣ್ಣಿಗೆ ಬೀಳುತ್ತದೆ. ಕಾರುಗಳು ಎಡದಿಂದ ಬಲಕ್ಕೆ ಹಾಯುತ್ತವೆ. ಎಡತುದಿಯ ಕಡೆ ಕೂತರೆ ನಾಲ್ಕನೇ ತಿರುವಿನಿಂದ ಗುಂಪು ಹೊರಬರುವುದು ಎದುರಿಗೇ ಸಿಗುತ್ತದೆ, ಕೊನೇ ಲ್ಯಾಪಿನ ನಿರ್ಧಾರಗಳು ಹಲವು ಸಲ ಅಲ್ಲೇ ಆಗುತ್ತವೆ. ಮುಕ್ತಾಯದ ಗೆರೆಯ ನೇರಕ್ಕೇ ಕೂರಬೇಕೆಂಬ ಆಸೆಗೆ ಜಾಸ್ತಿ ದುಡ್ಡು ಸುರಿಯಬೇಡಿ. 2016ರಲ್ಲಿ ಡೆನ್ನಿ ಹ್ಯಾಮ್ಲಿನ್ ಗೆದ್ದದ್ದು ಸೆಕೆಂಡಿನ ನೂರನೇ ಒಂದು ಭಾಗದಿಂದ. ಅಂಥದ್ದು ಎಲ್ಲಿ ಕೂತರೂ ಬರಿಗಣ್ಣಿಗೆ ನಿಲುಕದು. ಹಿಂಬದಿಯ ನೇರದಾರಿ ಮಾತ್ರ ದೂರ, 8 ಪಟ್ಟು ಹಿಗ್ಗಿಸುವ ಬೈನಾಕ್ಯುಲರ್ ಸಾಕು. ಅದಕ್ಕಿಂತ ಶಕ್ತಿಯದಾದರೆ ಕೈ ನಡುಕಕ್ಕೆ ಚಿತ್ರ ಕುಣಿಯುತ್ತದೆ.

ಬೇಲಿ ಪಕ್ಕದ ಕೆಳಸಾಲು ಅಗ್ಗ. ವೇಗ ಮೈಗೆ ತಟ್ಟುವುದು ಅಲ್ಲಿ ಮಾತ್ರ: ನಲವತ್ತು ಕಾರು ಒಟ್ಟಿಗೆ ಹಾದಾಗ ಎದೆಗೂಡು ಅದುರುತ್ತದೆ, ರಬ್ಬರಿನ ಪುಡಿ ಮುಖಕ್ಕೆ ರಾಚುತ್ತದೆ. ಆದರೆ ಲ್ಯಾಪಿಗೆ ಹಿಡಿಯುವ ಸುಮಾರು 48 ಸೆಕೆಂಡುಗಳಲ್ಲಿ ಕೆಲವೇ ಕ್ಷಣ ನಿಮ್ಮದು, ಉಳಿದದ್ದೆಲ್ಲ ದೊಡ್ಡ ಪರದೆಯದು. ಅದೂ ಬಲೆಯ ಮೂಲಕ. ಗುರುವಾರದ ಎರಡು ಡ್ಯುಯಲ್ ರೇಸುಗಳಿಗೆ, ಅಂದರೆ ತಲಾ 60 ಲ್ಯಾಪಿನ ಅರ್ಹತಾ ರೇಸುಗಳಿಗೆ, ಈ ಸೀಟು ಹೇಳಿಮಾಡಿಸಿದ್ದು. ಭಾನುವಾರಕ್ಕೆ ಬೇಡ.

ಒಳಮೈದಾನ ರೇಸಿಗೆ ಮುಂಚೆ ಸ್ವರ್ಗ. ಗ್ಯಾರೇಜಿನ ಕೆಲಸ ಹತ್ತಿರದಿಂದ ಕಾಣುತ್ತದೆ. 31 ಡಿಗ್ರಿ ವಾಲಿದ ತಿರುವು ಎಷ್ಟು ಕಡಿದು ಎಂಬುದು ಅದರ ಬುಡದಲ್ಲಿ ನಿಂತಾಗಲೇ ನಂಬಿಕೆಗೆ ಬರುವುದು. ಹಸಿರು ಬಾವುಟ ಬಿದ್ದ ಮೇಲೆ ಮಾತ್ರ ಒಂದು ತುಂಡು ಟ್ರ್ಯಾಕಿಗೆ ಕಟ್ಟುಬಿದ್ದಂತೆ.

ಎಲ್ಲೇ ಕೂತರೂ ಸ್ಕ್ಯಾನರ್ ಬೇಕೇ ಬೇಕು. ಟ್ರ್ಯಾಕಿನಲ್ಲೇ ಬಾಡಿಗೆಗೆ ಸಿಗುತ್ತದೆ. ಸದ್ದು ತಡೆಯುವ ಹೆಡ್‌ಸೆಟ್ಟಿನ ಒಳಗೆ ಇಯರ್‌ಪ್ಲಗ್ಗನ್ನೂ ಹಾಕಿ, ದನಿ ಸ್ವಲ್ಪ ಏರಿಸಿಕೊಳ್ಳಿ. ಒಬ್ಬ ಚಾಲಕನನ್ನೇ ಹಿಡಿದು ಕೂರದೆ, ಮುಂದಿರುವವನ ಚಾನೆಲ್ಲನ್ನೂ ಅವನ ಹಿಂದಿನವನದನ್ನೂ ಅದಲುಬದಲು ಮಾಡುತ್ತಿರಿ. ಎತ್ತರದಲ್ಲಿ ನಿಂತು ಚಾಲಕನಿಗೆ ಅಕ್ಕಪಕ್ಕದ ಕಾರುಗಳ ಸುಳಿವು ಕೊಡುವ ಸ್ಪಾಟರ್ 'ಹೊರಗೆ, ಒಳಗೆ, ನಡುವೆ, ಕ್ಲಿಯರ್' ಎಂದು ಒಂದೇ ಉಸಿರಿಗೆ ಹೇಳುತ್ತಾನೆ. ಅವನು ಕ್ಲಿಯರ್ ಅಂದದ್ದು ಅರೆಕ್ಷಣ ಮುಂಚೆಯಾದರೆ ಮುಂದೇನಾಗುತ್ತದೆಂದು ನಿಮಗೆ ಮೊದಲೇ ಗೊತ್ತಾಗಿರುತ್ತದೆ.

ಪೆಟ್ರೋಲಿನ ಲೆಕ್ಕ ಕೇಳಿಸುವುದೂ ಅಲ್ಲೇ. ರೇಸನ್ನು ಮೂರು ಘಟ್ಟಗಳಾಗಿ ಹಂಚಿರುತ್ತಾರೆ, ಮೊದಲೆರಡು ತಲಾ 65 ಲ್ಯಾಪು. ಇತ್ತೀಚಿನ ವರ್ಷಗಳಲ್ಲಿ ನಡುವಿನ ಲ್ಯಾಪುಗಳಲ್ಲಿ ಮೂರು ಸಾಲಾಗಿ ಹೊರಟ ಕಾರುಗಳು ಬೇಕೆಂದೇ ಥ್ರಾಟಲ್ ಸಡಿಲಿಸಿರುತ್ತವೆ. ಕಡಿಮೆ ಸುಟ್ಟರೆ ಕಡಿಮೆ ತುಂಬಿಸಬೇಕು, ಪೆಟ್ರೋಲು ತುಂಬಿಸುವ ಪಿಟ್ಟಿನಿಂದ ಬೇಗ ಹೊರಡಬಹುದು, ಮುಂದಿನ ಸಾಲಿಗೆ ಸೇರಬಹುದು. ಟಿವಿಯಲ್ಲಿ ಇದು ಸಪ್ಪೆ ಹೊತ್ತು ಅನ್ನಿಸುತ್ತದೆ. ಸ್ಕ್ಯಾನರ್ ಕೇಳುವವರಿಗೆ ಇದೇ ರೇಸಿನ ಮಿದುಳು.

ಟಿವಿಯ ದೊಡ್ಡ ಕೊರತೆ ಉದ್ದ ಲೆನ್ಸು. ಎದುರಿನಿಂದ ತೋರಿಸುವಾಗ ಅದು ಕಾರುಗಳ ನಡುವಿನ ಅಂತರವನ್ನು ಅಮುಕಿಬಿಡುತ್ತದೆ, ಹಿಂದಿನ ಸಾಲು ಎಷ್ಟು ವೇಗವಾಗಿ ಹತ್ತಿರ ಬರುತ್ತಿದೆ ಎಂಬುದೇ ಕಾಣದು. ಮೇಲಾಗಿ ಕ್ಯಾಮೆರಾ ಮುಂದಿನ ನಾಲ್ಕು ಕಾರಿಗೇ ಅಂಟಿರುತ್ತದೆ. 2025ರ ಕೊನೇ ಲ್ಯಾಪಿನಲ್ಲಿ ಮುಂದಿದ್ದವರು ಡಿಕ್ಕಿಯಾಗಿ ಚದುರಿದಾಗ ವಿಲಿಯಂ ಬೈರನ್ ಹಿಂದಿನಿಂದ ನುಗ್ಗಿ ಸತತ ಎರಡನೇ ಸಲ ಗೆದ್ದರು. ಅಂಥ ಗೆಲುವನ್ನು ಮೇಲಿನ ಸೀಟಿನವರು ನೋಡುತ್ತಾರೆ, ಟಿವಿಯವರು ಮರುಪ್ರಸಾರದಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ. ಅಪಘಾತದ ಮೂಲ ಹುಡುಕಲು ಮಾತ್ರ ಟಿವಿಗೆ ಸಾಟಿಯಿಲ್ಲ. ಬಂಪರಿನ ನಡುವಿಗೆ ಬೀಳಬೇಕಾದ ನೂಕು ಮೂಲೆಗೆ ಬಿದ್ದದ್ದು ನಿಧಾನಗತಿಯಲ್ಲೇ ತಿಳಿಯುವುದು.

ಮನೆಯಲ್ಲಿ ರೇಸಿನ ನೇರ ವಿವರಣೆ ಕೊಡುವ ಎಂಆರ್‌ಎನ್ ರೇಡಿಯೊ ಹಚ್ಚಿ ಟಿವಿ ದನಿ ಅಡಗಿಸಿ. ಅವರ ವೀಕ್ಷಕ ವಿವರಣೆಗಾರರು ತಿರುವುಗಳಲ್ಲೂ ನಿಂತಿರುತ್ತಾರೆ, ಹಾಗಾಗಿ ಕ್ಯಾಮೆರಾ ಬಿಟ್ಟದ್ದು ಕಿವಿಗೆ ಸಿಗುತ್ತದೆ. ಚಿತ್ರ, ಮಾತು ಎರಡೂ ಸಮಯಕ್ಕೆ ಹೊಂದದಿದ್ದರೆ ತಲೆ ಕೆಡುತ್ತದೆ. ಹಸಿರು ಬಾವುಟದ ಹೊತ್ತಿಗೆ ಯಾವುದು ಮುಂದಿದೆ ನೋಡಿ, ಅದನ್ನೇ ತಡೆದು ನಿಲ್ಲಿಸಿ, ಹಿಂದಿನದು ಅಲ್ಲಿಗೆ ಬಂದಾಗ ಬಿಡಿ. ಜಾಹೀರಾತಿನ ನಂತರ ಸ್ಟ್ರೀಮ್ ಮತ್ತೆ ಜಾರಬಹುದು, ರೇಸು ಮತ್ತೆ ಶುರುವಾಗುವ ರೀಸ್ಟಾರ್ಟಿನಲ್ಲಿ ಇನ್ನೊಮ್ಮೆ ಸರಿಮಾಡಿ.

ಕರ್ನಾಟಕದಲ್ಲಿ ಕೂತು ನೋಡುವವರಿಗೆ: ಅಲ್ಲಿ ಭಾನುವಾರ ಮಧ್ಯಾಹ್ನ 2:30 ಅಂದರೆ ನಮಗೆ ಸೋಮವಾರ ನಸುಕಿನ 1:00. ಮುಗಿಯುವುದು ಐದರ ಹತ್ತಿರ. ಎಚ್ಚರವಿರಲಾಗದಿದ್ದರೆ ಮೂರೂವರೆಗೆ ಅಲಾರಂ ಇಟ್ಟು ಕೊನೆಯ 70 ಲ್ಯಾಪಿನ ಘಟ್ಟದ ಬಹುಭಾಗವನ್ನು ನೇರವಾಗಿ ನೋಡಿ, ಉಳಿದದ್ದು ಆಮೇಲೆ. ಅಲ್ಲಿಗೇ ಹೋಗುವವರು ಹಿಂದಿರುಗುವ ಟಿಕೆಟ್ಟನ್ನು ಮಂಗಳವಾರಕ್ಕೆ ಮಾಡಿಸಿ. ಮಳೆ ಬಂದರೆ ಇಲ್ಲಿ ರೇಸು ನಡೆಯದು. 2020 ಮತ್ತು 2024, ಎರಡೂ ವರ್ಷ ರೇಸು ಮುಗಿಸುವ ಚೆಕರ್ಡ್ ಬಾವುಟ ಬಿದ್ದದ್ದು ಸೋಮವಾರ.